ಎರಡು ದಿನದ ಪಗಾರ

ನಮ್ಮ ಭಾಯಿಜಾನ್ ಹೈದರಾಬಾದಿನ ಒಂದು ಗೋದಾಮಿನಲ್ಲಿ ಕೆಲಸ ಮಾಡುತ್ತಾರೆ. ಮನೆಯ ಮದುವೆಗೆಂದು ಬುಧವಾರ ಊರಿಗೆ ಹೊರಟಾಗ ಸೂಪರ್‌ವೈಸರ್‌ಗೆ ಇಂಗ್ಲಿಷಿನಲ್ಲೇ ಬರೆದು ಕಳಿಸಿದರು: ‘ಐ ವಿಲ್ ಬಿ ಇನ್ ಮೈ ವಿಲೇಜ್ ಬೈ ಸಂಡೇ.’ ರವಿವಾರದ ತನಕ ಊರಲ್ಲಿರುತ್ತೇನೆ ಎಂಬುದು ಅವರ ಮನಸ್ಸಿನಲ್ಲಿದ್ದದ್ದು. ಓದಿದವರಿಗೆ ತಿಳಿದದ್ದು ರವಿವಾರದೊಳಗೆ ಊರು ಮುಟ್ಟುತ್ತಾನೆ ಎಂದು. ಗುರುವಾರ, ಶುಕ್ರವಾರ ಡ್ಯೂಟಿ ಹಾಕಿದರು. ರಜೆ ಬಾಕಿ ಇದ್ದರೂ ಗೈರುಹಾಜರಿ ಬಿದ್ದು ಎರಡು ದಿನದ ಪಗಾರ ಹೋಯಿತು.

ಮನೆಯಲ್ಲಿ ಎಲ್ಲರೂ ನಕ್ಕರು, ನಾನೂ ನಕ್ಕೆ. ಆಮೇಲೆ ನನ್ನ ನೋಟ್‌ಬುಕ್ ತೆಗೆದರೆ ಅಲ್ಲೂ ಕೆಂಪು ಗೆರೆ: ‘ಐ ವಿಲ್ ಫಿನಿಶ್ ದಿ ಪ್ರಾಜೆಕ್ಟ್ ಅಂಟಿಲ್ ಫ್ರೈಡೇ.’

ತಪ್ಪಿನ ಬೇರು ನಮ್ಮ ಮನೆಮಾತಿನಲ್ಲಿದೆ. ಉರ್ದುವಿನಲ್ಲಿ ‘ಇತ್ವಾರ್ ತಕ್ ರಹೂಂಗಾ’ ಅಂದರೂ ತಕ್, ‘ಇತ್ವಾರ್ ತಕ್ ಪಹುಂಚೂಂಗಾ’ ಅಂದರೂ ತಕ್. ಕನ್ನಡ ಹಾಗಲ್ಲ. ರವಿವಾರದ ತನಕ ಇರುತ್ತೇನೆ, ರವಿವಾರದೊಳಗೆ ಮುಟ್ಟುತ್ತೇನೆ. ‘ತನಕ’ ಬಂದರೆ ಅಂಟಿಲ್, ‘ಒಳಗೆ’ ಬಂದರೆ ಬೈ. ಇಷ್ಟು ವರ್ಷ ಇಂಗ್ಲಿಷ್ ವ್ಯಾಕರಣದ ಪಟ್ಟಿ ಬಾಯಿಪಾಠ ಮಾಡಿದ ನನಗೆ ಈ ಬೀಗದ ಕೈ ಕನ್ನಡದಲ್ಲಿತ್ತು!

ಎಲ್ಲ ಕಡೆ ಇದು ನಡೆಯುವುದಿಲ್ಲ, ಒಪ್ಪುತ್ತೇನೆ. ಕನ್ನಡದಲ್ಲಿ ‘ಸೋಮವಾರ ಐದು ಗಂಟೆಗೆ’ ಎಂದರೆ ವಾರಕ್ಕೆ ಏನೂ ಹತ್ತುವುದಿಲ್ಲ. ಉರ್ದುವಿನ ‘ಪೀರ್ ಕೋ ಪಾಂಚ್ ಬಜೇ’ಯಲ್ಲಿ ಗಂಟೆಗೆ ಹತ್ತುವುದಿಲ್ಲ. ಇಂಗ್ಲಿಷಿಗೆ ಎರಡೂ ಬೇಕು: ಆನ್ ಮಂಡೇ, ಅಟ್ ಫೈವ್. ಮತ್ತೆ ‘ನೆಕ್ಸ್ಟ್ ಮಂಡೇ’ ಎಂದರೆ ಆ ‘ಆನ್’ ಕೂಡ ಬೇಡ. ಇದಕ್ಕೆ ರೂಢಿಯೇ ಗತಿ.

ಆದರೂ ಇಂಗ್ಲಿಷ್ ಪಿರಿಯಡ್‌ನಲ್ಲಿ ಇಂಗ್ಲಿಷ್ ಬಿಟ್ಟು ಬೇರೆ ಮಾತೇ ಬರಬಾರದು ಎನ್ನುವವರ ಜೊತೆ ನನ್ನ ತಕರಾರಿದೆ. ಕಡಗಂಚಿಯಲ್ಲಿ ಕನ್ನಡ, ಉರ್ದು ಎರಡೂ ಬಲ್ಲವರಿಗೆ ಹೋಲಿಸಿ ನೋಡಲು ಎರಡು ಭಾಷೆಗಳಿವೆ. ಅವನ್ನು ಬಾಗಿಲ ಹೊರಗೆ ಚಪ್ಪಲಿಯಂತೆ ಬಿಟ್ಟು ಬರಬೇಕೇಕೆ?

ಕಾಮರ್ಸ್‌ನವರಿಗಂತೂ ಇದು ಒಂದು ಅಂಕದ ‘ಬಿಟ್ಟ ಸ್ಥಳ ತುಂಬಿ’ ಅಲ್ಲ. ಜನವರಿ 1ರಂದು ಬರೆದ ಹುಂಡಿಯಲ್ಲಿ ‘ಥ್ರೀ ಮಂತ್ಸ್ ಆಫ್ಟರ್ ಡೇಟ್’ ಎಂದಿದ್ದರೆ, 1881ರ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯಂತೆ 3 ದಿನದ ರಿಯಾಯಿತಿ ಸೇರಿ ಏಪ್ರಿಲ್ 4ಕ್ಕೆ ಹಣ ಕೊಡಬೇಕು. ಆ ‘ಆಫ್ಟರ್’ ಜಾಗದಲ್ಲಿ ‘ವಿದಿನ್’ ಬರೆದರೆ ಲೆಕ್ಕವೇ ಬೇರೆ.

ಭಾಯಿಜಾನ್ ಈಗ ಮೆಸೇಜ್ ಕಳಿಸುವ ಮೊದಲು ನನಗೆ ತೋರಿಸುತ್ತಾರೆ. ಮೊನ್ನೆ ‘ಆನ್ ಲೀವ್ ಅಂಟಿಲ್ ಟ್ಯೂಸ್‌ಡೇ’ ಎಂದು ಬರೆದು, ‘ಮಂಗಳವಾರ ರಜೆಯಲ್ಲಿ ಸೇರಿತೋ ಇಲ್ಲವೋ?’ ಎಂದು ಕೇಳಿದರು. ನನಗೂ ಗೊತ್ತಾಗಲಿಲ್ಲ. ಕೆಳಗೆ ಇನ್ನೊಂದು ಸಾಲು ಸೇರಿಸಿದೆವು: ‘ಐ ವಿಲ್ ಬಿ ಬ್ಯಾಕ್ ಅಟ್ ವರ್ಕ್ ಆನ್ ವೆಡ್ನೆಸ್‌ಡೇ.’