ಕಾರಿನ ನೀರು ಎಲ್ಲಿ ಹೋಗುತ್ತೆ?

ಹಾಸನದ ಕಡೆಯ ಸೋದರಿಯೊಬ್ಬರು ಕಾಗದ ಬರೆದಿದ್ದಾರೆ. ಅವರ ಮನೆಯ ಹಳೆಯ ಪೆಟ್ರೋಲ್ ಕಾರಿಗೆ ನಾಲ್ಕು ದಿನಕ್ಕೊಮ್ಮೆ ನೀರು ಹಾಕಬೇಕಂತೆ. ಈಚೆಗೆ ಸಕಲೇಶಪುರದ ಏರು ಹತ್ತುವಾಗ ಇಂಜಿನ್ನಿನಿಂದ ಟಕಟಕ ಸದ್ದೂ ಶುರುವಾಗಿದೆಯಂತೆ. ಗ್ಯಾರೇಜಿನವರು ಸರಿಯಾಗಿ ನೋಡದೆಯೇ "ಇಂಜಿನ್ ಇಳಿಸಬೇಕು" ಅಂದುಬಿಟ್ಟರಂತೆ. ಮಗಳ ಕಾಲೇಜು ಫೀಸಿಗೆಂದು ಎತ್ತಿಟ್ಟ ದುಡ್ಡು ಅದಕ್ಕೇ ಹೋಗುತ್ತಲ್ಲಾ ಎಂಬುದು ಅವರ ಸಂಕಟ. "ನಮ್ಮವರು ಹೂಂ ಅನ್ನುವ ಮೊದಲು ಮನೆಯಲ್ಲೇ ಏನಾದರೂ ನೋಡಬಹುದೇ?" ಎಂದು ಕೇಳಿದ್ದಾರೆ.

ಖಂಡಿತ ನೋಡಬಹುದು. ನನ್ನ ಓದು ಎಸ್ಸೆಸ್ಸೆಲ್ಸಿಗೇ ನಿಂತಿತು, ನಿಜ. ಆದರೆ ತಮ್ಮನ ಗ್ಯಾರೇಜಿಗೆ ಊಟದ ಡಬ್ಬಿ ಒಯ್ದಾಗಲೆಲ್ಲ ಅಲ್ಲೇ ಕೂತು, ಅದು ಯಾಕೆ, ಇದು ಯಾಕೆ ಅಂತ ಅವನ ತಲೆ ತಿಂದು ಕಲಿತದ್ದು ಒಂದಿಷ್ಟಿದೆ. ಕುಕ್ಕರಿನಲ್ಲಿ ಅಡುಗೆ ಮಾಡುವವರಿಗೆ ಅರ್ಥವಾಗದ ವಿಷಯವೇನಲ್ಲ ಇದು.

ಇಂಜಿನ್ನಿನ ಸುತ್ತ ಹರಿದು ಅದನ್ನು ತಣ್ಣಗಿಡುವ ನೀರನ್ನು ಮುಚ್ಚಳ ಬಿಗಿದು ಒತ್ತಡದಲ್ಲಿ ಇಟ್ಟಿರುತ್ತಾರೆ. ಆ ಒತ್ತಡ ಹೆಚ್ಚುಕಡಿಮೆ ನಮ್ಮ ಕುಕ್ಕರಿನಷ್ಟೇ. ಅದಕ್ಕೇ ಆ ನೀರು 100 ಡಿಗ್ರಿ ದಾಟಿದರೂ ಕುದಿಯುವುದಿಲ್ಲ, 120ರ ಹತ್ತಿರದವರೆಗೂ ತಡೆಯುತ್ತೆ. ಆವಿ ಇಳಿಯದ ಕುಕ್ಕರಿನ ಮುಚ್ಚಳ ತೆಗೆದರೆ ಏನಾಗುತ್ತೋ, ಬಿಸಿ ಕಾರಿನ ರೇಡಿಯೇಟರ್ ಮುಚ್ಚಳ ತಿರುಗಿಸಿದರೂ ಅದೇ ಆಗುತ್ತೆ. ಮುಖ, ಕೈ ಬೆಂದುಹೋಗುತ್ತವೆ. ಆದ್ದರಿಂದ ನಾನು ಹೇಳುವ ಪರೀಕ್ಷೆಯೆಲ್ಲ ಬೆಳಿಗ್ಗೆ ಎದ್ದಾಗ, ಗಾಡಿ ತಣ್ಣಗಿರುವಾಗ ಮಾತ್ರ.

ರಾತ್ರಿ ಗಾಡಿ ನಿಲ್ಲಿಸಿದ ಮೇಲೆ ಇಂಜಿನ್ನಿನ ಕೆಳಗೆ ಹಳೆಯ ರಟ್ಟು ಹಾಸಿಡಿ. ಬೆಳಿಗ್ಗೆ ಕಲೆ ಬಿದ್ದಿದ್ದರೆ ಬಣ್ಣ ನೋಡಿ. ಬಣ್ಣವಿಲ್ಲದೆ, ವಾಸನೆಯಿಲ್ಲದೆ ಬರೀ ನೀರಿದ್ದು, ಹಿಂದಿನ ದಿನ ಎ.ಸಿ. ಹಾಕಿದ್ದರೆ ಅದು ಎ.ಸಿ.ಯ ನೀರೇ ಇರಬಹುದು. ಕಪ್ಪಗೆ ಜಿಡ್ಡಾಗಿದ್ದರೆ ಆಯಿಲ್. ಹಸಿರೋ ಕೆಂಪೋ ಇದ್ದು, ಮುಟ್ಟಿದರೆ ಜಾರಿ, ಸಿಹಿಯಾದ ವಾಸನೆ ಬಂದರೆ ಅದೇ ಕೂಲೆಂಟ್. ಮುಟ್ಟಿದ ಕೈಯನ್ನು ಸೋಪು ಹಾಕಿ ತೊಳೆಯಿರಿ. ಕೂಲೆಂಟಿನಲ್ಲಿರುವ ಎಥಿಲೀನ್ ಗ್ಲೈಕಾಲ್ ರುಚಿಗೆ ಸಿಹಿ, ಹೊಟ್ಟೆಗೆ ವಿಷ. ಅಂಬೆಗಾಲಿಡುವ ಮಗುವೋ ನಾಯಿಯೋ ಇರುವ ಮನೆಯಲ್ಲಿ ಅಂಗಳದ ಆ ಹನಿಯನ್ನು ತೊಳೆಯದೆ ಬಿಡಲೇಬಾರದು. ಉಳಿದ ಕೂಲೆಂಟನ್ನು ಜ್ಯೂಸಿನ ಬಾಟಲಿಯಲ್ಲಿ ತುಂಬಿಡುವ ಅಭ್ಯಾಸವೂ ಕೆಲವರಿಗಿದೆ. ಅದಂತೂ ಬೇಡವೇ ಬೇಡ.

ಇನ್ನು ನೀವು ನಾಲ್ಕು ದಿನಕ್ಕೊಮ್ಮೆ ಬರೀ ನಲ್ಲಿ ನೀರು ಸುರಿಯುತ್ತಿದ್ದರೆ ಬಣ್ಣ ಇಷ್ಟು ಹೊತ್ತಿಗೆ ತೆಳುವಾಗಿರುತ್ತೆ. ಆಗ ಬಾನೆಟ್ ಎತ್ತಿ ರಬ್ಬರ್ ಪೈಪುಗಳ ಸಂದಿ, ರೇಡಿಯೇಟರಿನ ಮೂಲೆ, ಮುಂದಿನ ವಾಟರ್ ಪಂಪಿನ ಕೆಳಭಾಗ ನೋಡಿ. ಸೋರುವ ಬಚ್ಚಲ ಹಂಡೆಯ ಹೊರಗೆ ಬೆಳ್ಳಗೆ ಸುಣ್ಣ ಕಟ್ಟುತ್ತಲ್ಲ, ಅಂಥದ್ದೇ ಗುರುತು ಕಾಣುತ್ತೆ. ಪಂಪಿನ ಬೇರಿಂಗ್ ಸವೆದಿದ್ದರೆ ನೀರೂ ಸೋರುತ್ತೆ, ಬೆಲ್ಟಿನ ಕಡೆಯಿಂದ ಗರಗರ ಸದ್ದೂ ಬರುತ್ತೆ. ಹೀಗೆ ಎರಡು ತೊಂದರೆಗೂ ಒಂದೇ ಕಾರಣ ಇರುವುದುಂಟು. ಇಂಜಿನ್ ಇಳಿಸುವುದರ ಮುಂದೆ ಅದು ಸಣ್ಣ ಖರ್ಚು.

ಹೊರಗೆ ಒಂದು ಹನಿಯೂ ಇಲ್ಲ, ಆದರೂ ನೀರು ಇಳಿಯುತ್ತಿದೆ ಎಂದರೆ ಚಿಂತೆಯ ಮಾತು. ಇಂಜಿನ್ನಿನ ಹೆಡ್ ಗ್ಯಾಸ್ಕೆಟ್ ಸುಟ್ಟು ನೀರು ಒಳಗೇ ಹೋಗುತ್ತಿರಬಹುದು. ಗಾಡಿ ಚೆನ್ನಾಗಿ ಬಿಸಿಯಾದ ಮೇಲೂ ಸೈಲೆನ್ಸರಿನಿಂದ ಬಿಳಿ ಹೊಗೆ ನಿಲ್ಲುವುದಿಲ್ಲ. ಡಿಪ್‌ಸ್ಟಿಕ್ ಎಳೆದು ನೋಡಿದರೆ ಆಯಿಲ್ ಹಾಲು ಬೆರೆಸಿದ ಕಾಫಿಯಂತೆ ಇರುತ್ತೆ. ಹಾಗೆ ಕಂಡರೆ ಮಾರ್ಕೆಟ್ಟಿನವರೆಗೂ ಗಾಡಿ ಓಡಿಸಬೇಡಿ. ನೀರು ಸೇರಿದ ಆಯಿಲಿಗೆ ಜಿಡ್ಡಿನ ಗುಣ ಹೋಗಿ ಒಳಗಿನ ಬೇರಿಂಗುಗಳೇ ತಿಂದುಹೋಗುತ್ತವೆ.

ಸದ್ದಿನಲ್ಲೂ ಬಗೆಬಗೆ ಇದೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಟಿಕಟಿಕ ಅಂದು ಬಿಸಿಯಾದಂತೆ ತಗ್ಗಿದರೆ ಟ್ಯಾಪೆಟ್ ಇರಬಹುದು, ಅವಸರವಿಲ್ಲ. ಏರಿನಲ್ಲಿ ಆಕ್ಸಿಲರೇಟರ್ ಒತ್ತಿದಾಗ ಮಾತ್ರ ಡಬ್ಬಿಯೊಳಗೆ ಕಲ್ಲು ಕುಲುಕಿದಂತೆ ಕೇಳಿಸಿದರೆ, ಪೆಟ್ರೋಲು ಹೊತ್ತಬಾರದ ಗಳಿಗೆಯಲ್ಲಿ ಹೊತ್ತುತ್ತಿದೆ ಎಂದರ್ಥ. ನೀರು ಕಡಿಮೆಯಾಗಿ ಇಂಜಿನ್ ಮಿತಿಮೀರಿ ಕಾದರೂ ಹೀಗಾಗುತ್ತೆ. ಹಾಸನದ ಸೋದರಿಯ ಕಾಗದ ಓದಿದರೆ ನನಗೆ ಇದರ ಮೇಲೆಯೇ ಅನುಮಾನ. ಸೋರಿಕೆ ನಿಂತರೆ ಸದ್ದೂ ನಿಲ್ಲಬಹುದು. ಆದರೆ ಒನಕೆಯಲ್ಲಿ ಕುಟ್ಟಿದಂತೆ ದಪ್ಪ ಸದ್ದು ಬಂದು, ವೇಗ ಹೆಚ್ಚಿದಂತೆ ಅದೂ ಹೆಚ್ಚಿದರೆ, ಅಥವಾ ಆಯಿಲಿನ ಕೆಂಪು ದೀಪ ಹತ್ತಿದರೆ, ಅಲ್ಲೇ ನಿಲ್ಲಿಸಿ. ಗಾಡಿಯನ್ನು ಎಳೆಸಿಕೊಂಡೇ ಹೋಗಬೇಕು.

ದಾರಿಯಲ್ಲಿ ಬಿಸಿಯ ಮುಳ್ಳು ಮೇಲೇರಿದರೆ ಎ.ಸಿ. ಆರಿಸಿ, ಪಕ್ಕಕ್ಕೆ ನಿಲ್ಲಿಸಿ, ಇಂಜಿನ್ ಬಂದ್ ಮಾಡಿ. ಕಡಿಮೆಯೆಂದರೆ ಅರ್ಧ ಗಂಟೆ ಯಾರೂ ಮುಚ್ಚಳ ಮುಟ್ಟಬಾರದು. ಕಾದ ಇಂಜಿನ್ನಿಗೆ ತಣ್ಣೀರು ಸುರಿಯಲೂಬಾರದು, ಕಾದ ಗಾಜಿನ ಲೋಟಕ್ಕೆ ಸುರಿದಂತೆಯೇ ಅದು ಬಿರುಕು ಬಿಡಬಹುದು.

ಇನ್ನು ಗ್ಯಾರೇಜಿನ ಮಾತು. "ಇಂಜಿನ್ ಇಳಿಸುವ ಮೊದಲು ಕೂಲಿಂಗ್ ಪ್ರೆಶರ್ ಟೆಸ್ಟ್ ಮಾಡಿ, ನಮ್ಮೆದುರಿಗೇ ಮಾಡಿ" ಅಂತ ಕೇಳಿ. ತಣ್ಣಗಿರುವ ರೇಡಿಯೇಟರಿಗೆ ಕೈಪಂಪಿನಿಂದ ಗಾಳಿ ಒತ್ತುತ್ತಾರೆ. ಮುಳ್ಳು ಇಳಿಯುತ್ತಾ ಬಂದರೆ ಎಲ್ಲೋ ಸೋರುತ್ತಿದೆ, ಹೊರಗಿನ ಸೋರಿಕೆಯಾದರೆ ಅದೇ ಹೊತ್ತಿಗೆ ಕಣ್ಣಿಗೂ ಬೀಳುತ್ತೆ. ಹೋಗುವಾಗ ರಾತ್ರಿಯ ರಟ್ಟನ್ನೂ ಜೊತೆಗೆ ಒಯ್ಯಿರಿ. ಎಷ್ಟು ದಿನಕ್ಕೆ ಎಷ್ಟು ಲೋಟ ನೀರು ಹಾಕಿದಿರಿ, ಸದ್ದು ಯಾವಾಗ ಬರುತ್ತೆ ಎಂಬುದನ್ನು ಹಾಲಿನ ಲೆಕ್ಕದ ಹಾಗೆ ಬರೆದಿಟ್ಟುಕೊಂಡು ಹೇಳಿ. ಅಷ್ಟಾದ ಮೇಲೂ ನೋಡುವುದಿಲ್ಲ ಅನ್ನುವವರ ಕೈಗೆ ಗಾಡಿ ಕೊಡದೆ ಇನ್ನೊಂದು ಕಡೆ ತೋರಿಸಿ.