ಪುಕ್ಕಟೆ ಟೀವಿಗೆ ಕನ್ನಡ ಬರೋದಿಲ್ಲವೇ?

ಮೊದಲೇ ಒಪ್ಪಿಕೊಂಡುಬಿಡುತ್ತೇನೆ, ಇದರಲ್ಲಿ ಅರ್ಧ ತಪ್ಪು ನನ್ನದೇ. ಊರಲ್ಲಿರುವ ಅಪ್ಪ-ಅವ್ವ ಯಾವ ಟೀವಿ ನೋಡಬೇಕು ಅನ್ನೋದನ್ನ ಬೆಂಗಳೂರಿನಲ್ಲಿ ಕೂತು, ಎಕ್ಸೆಲ್ ಶೀಟಿನಲ್ಲಿ ಕೂಡಿ ಕಳೆದು ತೀರ್ಮಾನ ಮಾಡಿದವನು ನಾನು. ಇಂಜಿನಿಯರು ನೋಡಿ, ಲೆಕ್ಕ ಸರಿಬಂದರೆ ಎಲ್ಲವೂ ಸರಿಬಂತು ಅಂದುಕೊಳ್ಳುವ ಜಾತಿ :)

ನಮ್ಮ ಮನೆ ಇರೋದು ಕಲಬುರಗಿಗೆ ಅಂಟಿಕೊಂಡ ಕುಸನೂರಿನಲ್ಲಿ. ಮಾಳಿಗೆ ಮೇಲೆ ಹತ್ತು ವರ್ಷದಿಂದ ಒಂದು ಖಾಸಗಿ ಕಂಪನಿಯ ಛತ್ರಿ ಇತ್ತು. ತಿಂಗಳಿಗೆ ಮುನ್ನೂರ ಚಿಲ್ಲರೆ ರೂಪಾಯಿ. ರೀಚಾರ್ಜ್ ಮಾಡುವವನು ನಾನು, ಮರೆಯುವವನೂ ನಾನೇ. ಮರೆತ ದಿನ ಸಂಜೆ ಏಳಕ್ಕೆ ಅವ್ವನ ಫೋನು ಗ್ಯಾರಂಟಿ: "ತಮ್ಮಾ, ಟೀವಿ ಬಂದ್ ಆಗ್ಯದ ನೋಡು."

ಈ ಮುನ್ನೂರು ರೂಪಾಯಿ ಯಾಕೆ ಅಂತ ಕೂತು ನೋಡಿದೆ. ನೆನಪಿದೆಯಲ್ಲ, 2019ರ ಫೆಬ್ರವರಿ 1ರಿಂದ ಟ್ರಾಯ್‌ನ ಹೊಸ ದರ ಪದ್ಧತಿ ಬಂತು. "ನಿಮಗೆ ಬೇಕಾದ ವಾಹಿನಿಗೆ ಮಾತ್ರ ದುಡ್ಡು ಕೊಡಿ" ಅಂತ ಏನು ಪ್ರಚಾರ! ಆದರೆ ಒಂದೂ ಪೇ ಚಾನಲ್ ತೆಗೆದುಕೊಳ್ಳದಿದ್ದರೂ ಮೊದಲ ನೂರು ವಾಹಿನಿಗಳ ಸಂಪರ್ಕಕ್ಕೇ 130 ರೂಪಾಯಿ, ಮೇಲೆ ತೆರಿಗೆ, ಒಟ್ಟು 153 ರೂಪಾಯಿ 40 ಪೈಸೆ. ಆಮೇಲೆ 2020ರಲ್ಲಿ ಅದೇ ದುಡ್ಡಿಗೆ ಇನ್ನೂರು ವಾಹಿನಿ ಅಂದರು. 2024ರ ಜುಲೈನಲ್ಲಿ ಆ ಮಿತಿಯನ್ನೇ ತೆಗೆದು ದರವನ್ನು ಕಂಪನಿಗಳ ಇಷ್ಟಕ್ಕೆ ಬಿಟ್ಟರು. ಅವ್ವ ನೋಡುತ್ತಿದ್ದದ್ದು ನಾಲ್ಕೇ ನಾಲ್ಕು ವಾಹಿನಿ. ಅಪ್ಪ ನೋಡುತ್ತಿದ್ದದ್ದು ಕ್ರಿಕೆಟ್ಟು, ಅದೂ ಭಾರತ ಆಡಿದಾಗ ಮಾತ್ರ. ಇದಕ್ಕೆ ವರ್ಷಕ್ಕೆ ನಾಲ್ಕು ಸಾವಿರದ ಹತ್ತಿರ! ಕಳೆದ ವರ್ಷ, ಅಂದರೆ 2025ರ ಆಗಸ್ಟಿನಲ್ಲಿ ಊರಿಗೆ ಹೋದಾಗ ಬಂದ್ ಮಾಡಿಸಿಯೇಬಿಟ್ಟೆ.

ಬದಲಿಗೆ ಏನು ಹಾಕೋದು? ಉತ್ತರ ಸಿದ್ಧವಾಗಿತ್ತು. ಡಿಡಿ ಫ್ರೀ ಡಿಶ್. 2004ರ ಡಿಸೆಂಬರಿನಲ್ಲಿ ಡಿಡಿ ಡೈರೆಕ್ಟ್ ಪ್ಲಸ್ ಅಂತ ಶುರುವಾದದ್ದು. ಒಂದು ಸಲ ಪೆಟ್ಟಿಗೆಯ ದುಡ್ಡು ಕೊಟ್ಟರೆ ಮುಗೀತು, ತಿಂಗಳ ಬಾಡಿಗೆ ಅನ್ನೋದೇ ಇಲ್ಲ. ಛತ್ರಿ ಹೊಸದು ಬೇಕಿಲ್ಲ, ಹಳೆಯದನ್ನೇ ತಿರುಗಿಸಿದರೆ ಸಾಕು. ಫ್ರೀ ಡಿಶ್ ಬರೋದು 93.5 ಡಿಗ್ರಿ ಪೂರ್ವದಲ್ಲಿರುವ ಜಿಸ್ಯಾಟ್-15 ಉಪಗ್ರಹದಿಂದ. ಕಲಬುರಗಿಯ ಅಕ್ಷಾಂಶ ರೇಖಾಂಶ ಹಾಕಿ ಲೆಕ್ಕ ಮಾಡಿದರೆ ದಿಕ್ಕು ಹೆಚ್ಚುಕಡಿಮೆ ನೇರ ಆಗ್ನೇಯ, ಎತ್ತರ ಸುಮಾರು 62 ಡಿಗ್ರಿ. ನಾನು ಮಾಳಿಗೆ ಮೇಲೆ ಸ್ಪ್ಯಾನರ್ ಹಿಡಿದು ಛತ್ರಿ ತಿರುಗಿಸೋದು, ಅಪ್ಪ ಕೆಳಗಿನಿಂದ "ಬಂತು... ಹೋತು... ಬಂತು" ಅನ್ನೋದು. ಚಿಕ್ಕವನಿದ್ದಾಗ ಆಂಟೆನಾ ತಿರುಗಿಸಿದ ಹಾಗೇ! (ನೀವೂ ಹಾಕಿಸೋದಾದರೆ ಎಂಪೆಗ್-4 ಪೆಟ್ಟಿಗೆಯನ್ನೇ ತಗೊಳ್ಳಿ. ಹಳೇ ಎಂಪೆಗ್-2 ಪೆಟ್ಟಿಗೆಯಲ್ಲಿ ಎಲ್ಲ ವಾಹಿನಿಗಳೂ ಕಾಣೋದಿಲ್ಲ.)

ಅಪ್ಪನಿಗಂತೂ ಹಬ್ಬ. ಇದರ ಹಿಂದೆ ಒಂದು ಕಾನೂನಿನ ಕತೆ ಇದೆ. ಸರ್ಕಾರ ರಾಷ್ಟ್ರೀಯ ಮಹತ್ವದ್ದು ಅಂತ ಪಟ್ಟಿ ಮಾಡಿದ ಪಂದ್ಯಗಳ ಪ್ರಸಾರವನ್ನು ಖಾಸಗಿಯವರು ದೂರದರ್ಶನದ ಜೊತೆ ಹಂಚಿಕೊಳ್ಳಲೇಬೇಕು ಅನ್ನುತ್ತದೆ 2007ರ ಕಾಯಿದೆ. ಹಾಗೆ ಹಂಚಿಕೊಂಡ ಪಂದ್ಯ ದೂರದರ್ಶನದ ಟವರಿನಲ್ಲಿ ಮತ್ತು ಅದರದೇ ಡಿಟಿಎಚ್‌ನಲ್ಲಿ ಮಾತ್ರ ಬರಬೇಕು, ಖಾಸಗಿ ಛತ್ರಿ ಮತ್ತು ಕೇಬಲ್ಲಿನಲ್ಲಿ ಅಲ್ಲ ಅಂತ 2017ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಅಂದರೆ ದುಡ್ಡು ಕೊಡುವವನ ಡಿಡಿ ಸ್ಪೋರ್ಟ್ಸಿನಲ್ಲಿ ಬಾರದ ಪಂದ್ಯ, ಪುಕ್ಕಟೆ ನೋಡುವವನಿಗೆ ಬರುತ್ತದೆ! "ಮ್ಯಾಚ್ ಬರ್ಲತ್ತದ, ರೊಕ್ಕನೂ ಉಳೀತು, ಮತ್ತೇನ್ ಬೇಕು?" ಅಂದ ಅಪ್ಪ.

ಅವ್ವ ಮಾತ್ರ ರಿಮೋಟು ಒತ್ತುತ್ತಲೇ ಇದ್ದಳು. ಹಿಂದಿ ಸಿನಿಮಾ, ಹಿಂದಿ ಧಾರಾವಾಹಿ, ಹಿಂದಿ ಸುದ್ದಿ, ಭೋಜಪುರಿ ಹಾಡು, ಮತ್ತೆ ಹಿಂದಿ ಸಿನಿಮಾ. ಜೀ ಕನ್ನಡ, ಕಲರ್ಸ್ ಕನ್ನಡ, ಸ್ಟಾರ್ ಸುವರ್ಣ, ಉದಯ ಎಲ್ಲವೂ ಪೇ ಚಾನಲ್ಲುಗಳು, ಇಲ್ಲಿ ಬರುವ ಮಾತೇ ಇಲ್ಲ. ಅವಳ ಕೈಗೆ ಸಿಕ್ಕ ಕನ್ನಡ ಅಂದರೆ ಚಂದನ. ಸಂಜೆಯವರೆಗೆ ಹುಡುಕಿ ರಿಮೋಟು ಕೆಳಗಿಟ್ಟು ಅಂದಳು, "ಎಲ್ಲಾ ಚಲೋ ಅದ ಖರೆ, ನಮ್ಮ ಮಾತಿಂದು ಇಷ್ಟೇ ಏನೋ?"

ನಾನು ದೊಡ್ಡ ಜಾಣನ ಹಾಗೆ "ಧಾರಾವಾಹಿ ಬಿಡವ್ವಾ, ತಲಿ ಕೆಡಸ್ತಾವ" ಅಂತ ಉಪದೇಶ ಮಾಡಿ ಬಸ್ಸು ಹತ್ತಿದೆ.

ಸೆಪ್ಟೆಂಬರ್ ಕೊನೆಯಲ್ಲಿ ಭೀಮಾ ಉಕ್ಕಿತು. ಕಲಬುರಗಿ, ಯಾದಗಿರಿ, ವಿಜಯಪುರ ಜಿಲ್ಲೆಗಳಲ್ಲಿ ಹೊಲ ಊರು ಎಲ್ಲ ನೀರು. ನಮ್ಮ ಚಿಕ್ಕವ್ವನ ಊರು ಜೇವರ್ಗಿ ಕಡೆ, ಹೊಳೆ ದಂಡೆಗೆ ಹತ್ತಿರ. ಅವ್ವನ ಫೋನು ಬಂತು. "ತಮ್ಮಾ, ಚಿಕ್ಕವ್ವಂದು ಫೋನ್ ಹತ್ತವಲ್ದು. ಭೀಮಾ ನೀರು ಎಲ್ಲಿತನ ಬಂದದ ನೋಡಿ ಹೇಳಪಾ. ಇಲ್ಲಿ ಟೀವ್ಯಾಗ ಏನೂ ತಿಳಿವಲ್ದು."

ಸ್ವಲ್ಪ ಯೋಚನೆ ಮಾಡಿ. ಹೊಳೆ ಇರೋದು ಅವ್ವನಿಂದ ನಲವತ್ತು ಕಿಲೋಮೀಟರಿನೊಳಗೆ. ಆ ನೀರು ಎಲ್ಲಿಗೆ ಬಂದಿದೆ ಅಂತ ಆಕೆ ಕೇಳುತ್ತಿರೋದು ಬೆಂಗಳೂರಿನ ಹತ್ತನೇ ಮಹಡಿಯ ಆಫೀಸಿನಲ್ಲಿ ಕೂತ ನನ್ನನ್ನ! ಅವಳ ಎದುರಿನ ಟೀವಿಯಲ್ಲಿ ಸುದ್ದಿ ವಾಹಿನಿಗಳು ಸಾಲುಗಟ್ಟಿ ಕೂಗುತ್ತಿವೆ, ದಿಲ್ಲಿಯ ಜಗಳವನ್ನ, ದಿಲ್ಲಿಯ ಭಾಷೆಯಲ್ಲಿ. ಚಂದನದ ವಾರ್ತೆ ಮುಗಿದಿತ್ತು, ಮುಂದಿನದಕ್ಕೆ ಕಾಯಬೇಕು. ಚಂದನದ್ದು ತಪ್ಪಲ್ಲ. ವಾರ್ತೆ, ಕೃಷಿ, ಧಾರಾವಾಹಿ, ಸಂಗೀತ, ಕ್ವಿಜ್ ಎಲ್ಲವನ್ನೂ ಒಂದೇ ವಾಹಿನಿ ಎಷ್ಟು ಅಂತ ಹೊರಬೇಕು? ಮನೆಯಲ್ಲಿ ಒಬ್ಬಳೇ ಸೊಸೆ ಇದ್ದ ಹಾಗೆ ಅದರ ಪಾಡು.

ಚಿಕ್ಕವ್ವ ಸುರಕ್ಷಿತವಾಗಿದ್ದಳು, ತೊಗರಿ ಹೋಯಿತು. ಆದರೆ ಅವತ್ತಿನಿಂದ ನನ್ನ ತಲೆಯಲ್ಲಿ ಒಂದೇ ಪ್ರಶ್ನೆ. ಪುಕ್ಕಟೆ ಅಂದರೆ ಯಾರಿಗೆ ಪುಕ್ಕಟೆ?

ಸಿಟ್ಟು ಹೆಚ್ಚಾಗೋದು ಎಲ್ಲಿ ಗೊತ್ತೇ? ಉಪಗ್ರಹದಿಂದ ಪುಕ್ಕಟೆ ಟೀವಿ ಅನ್ನೋದು ನಮ್ಮ ಸೀಮೆಗೆ ಹೊಸದಲ್ಲ. ಇಡೀ ಕರ್ನಾಟಕಕ್ಕಿಂತ ಮೊದಲು ಬಂದದ್ದೇ ನಮಗೆ. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ಇಸ್ರೋ ಮತ್ತು ನಾಸಾ ಸೇರಿ ‘ಸೈಟ್’ ಅನ್ನೋ ಪ್ರಯೋಗ ಮಾಡಿದರು. ನಾಸಾದ ಎಟಿಎಸ್-6 ಉಪಗ್ರಹದಿಂದ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ನೇರ ಪ್ರಸಾರ. ಕರ್ನಾಟಕದಲ್ಲಿ ಆರಿಸಿದ ಜಿಲ್ಲೆಗಳು ಮೂರು, ಗುಲ್ಬರ್ಗಾ, ರಾಯಚೂರು, ಬಿಜಾಪುರ. ತಂತಿ ಜಾಲರಿಯ ದೊಡ್ಡ ಛತ್ರಿ, ಊರಿಗೆಲ್ಲ ಒಂದು ಟೀವಿ, ಬೆಳಗ್ಗೆ ಮಕ್ಕಳಿಗೆ ಪಾಠ, ಸಂಜೆ ದೊಡ್ಡವರಿಗೆ ಬೇಸಾಯ, ಆರೋಗ್ಯ, ಹಾಡು. ಕಮಲಾಪುರದ ಕಡೆ ನೆಂಟರ ಊರಿಗೆ ಹೋದಾಗ ನಮ್ಮಜ್ಜ ಅದನ್ನ ನೋಡಿದ್ದನಂತೆ. "ಪೆಟಿಗಿ ನಮ್ಮ ಮಾತು ಆಡ್ತಿತ್ತು" ಅಂತ ಹೇಳುತ್ತಿದ್ದ.

ಆ ಪ್ರಯೋಗ ಮುಗಿದ ಮೇಲೆ 1977ರಲ್ಲಿ ಗುಲ್ಬರ್ಗಾಕ್ಕೆ ದೂರದರ್ಶನ ಬಂತು. ಬೆಂಗಳೂರಿಗೆ ಬಂದದ್ದು 1981ರಲ್ಲಿ. ನಮ್ಮ ಆಫೀಸಿನಲ್ಲಿ ಇದನ್ನ ಹೇಳಿದರೆ ಬೆಂಗಳೂರಿನ ಗೆಳೆಯರು ನಂಬೋದೇ ಇಲ್ಲ!

ಅಂಥ ಊರಿನ ಮುದುಕಿ ಇವತ್ತು ಪುಕ್ಕಟೆ ಉಪಗ್ರಹ ಟೀವಿಯಲ್ಲಿ ತನ್ನ ಮಾತನ್ನು ಹುಡುಕಿ ಹುಡುಕಿ ರಿಮೋಟು ಕೆಳಗಿಡುತ್ತಾಳೆ. 2021ರ ಅಕ್ಟೋಬರಿನಲ್ಲಿ ಅನಲಾಗ್ ಟ್ರಾನ್ಸ್‌ಮಿಟರುಗಳನ್ನು ಮುಚ್ಚುವಾಗ ಪ್ರಸಾರ ಭಾರತಿ ಒಂದು ಮಾತು ಹೇಳಿತ್ತು. ಕಲಬುರಗಿ ಕೇಂದ್ರ ಕಾರ್ಯಕ್ರಮ ಮಾಡೋದನ್ನ ನಿಲ್ಲಿಸೋದಿಲ್ಲ, ರಾಜ್ಯದ ಉಪಗ್ರಹ ವಾಹಿನಿಗೆ ಮತ್ತು ಯೂಟ್ಯೂಬಿಗೆ ಮಾಡುತ್ತದೆ ಅಂತ. ಒಳ್ಳೇದು. ಆದರೆ ನಮ್ಮ ಸೀಮೆಯದೇ ಆದ ಒಂದು ಗಂಟೆ ಚಂದನದಲ್ಲಿ ದಿನಾ ನೇರವಾಗಿ ಯಾಕಿರಬಾರದು?

ಹಿಂದಿಯೇ ಯಾಕೆ ತುಂಬಿದೆ ಅನ್ನೋದಕ್ಕೆ ಕಾರಣ ಸರಳ. ಫ್ರೀ ಡಿಶ್‌ನ ಜಾಗಗಳನ್ನ ಪ್ರಸಾರ ಭಾರತಿ ಹರಾಜು ಹಾಕುತ್ತದೆ. ಹಿಂದಿ ಮನರಂಜನೆಯ ಜಾಗಕ್ಕೆ ಎಲ್ಲಕ್ಕಿಂತ ಹೆಚ್ಚಿನ ಮೂಲ ಬೆಲೆ. 2024ರ ಲೆಕ್ಕದಲ್ಲಿ ಫ್ರೀ ಡಿಶ್ ಇರುವ ಮನೆಗಳು ಸುಮಾರು 4.9 ಕೋಟಿ. ಅಷ್ಟು ಮನೆಗೆ ಜಾಹೀರಾತು ತಲುಪುತ್ತದಲ್ಲ, ದುಡ್ಡು ಸುರಿಯುತ್ತಾರೆ. ದೊಡ್ಡ ಕಂಪನಿಗಳು ಇದಕ್ಕಂತಲೇ ಹಳೇ ಧಾರಾವಾಹಿ ಹಾಕುವ ಸ್ಟಾರ್ ಉತ್ಸವ್, ಜೀ ಅನ್ಮೋಲ್, ಸೋನಿ ಪಲ್, ಕಲರ್ಸ್ ರಿಶ್ತೇ ಅಂತ ನಡೆಸಿದವು. 2019ರಲ್ಲಿ ಹೊರಟುಹೋದವು, 2020ರಲ್ಲಿ ವಾಪಸ್ ಬಂದವು, 2022ರಲ್ಲಿ ಮತ್ತೆ ಹೊರಟವು. ಅದೇ ಕಂಪನಿಗಳ ಕನ್ನಡ ವಾಹಿನಿಗಳ ಹತ್ತಿರ ವರ್ಷಗಟ್ಟಲೆ ಹಳೇ ಧಾರಾವಾಹಿ ಧೂಳು ತಿನ್ನುತ್ತಿವೆ. ಕನ್ನಡಕ್ಕೊಂದು ‘ಉತ್ಸವ’ ಮಾಡೋಣ ಅಂತ ಹೊರಟವರನ್ನ ನಾನಂತೂ ಕಂಡಿಲ್ಲ.

ಈಗ ನೀವು ಏನು ಹೇಳುತ್ತೀರಿ ಅಂತ ಗೊತ್ತು.

"ಮಾರುಕಟ್ಟೆ ಕಣಯ್ಯ, ದುಡ್ಡು ಇರೋ ಕಡೆ ಹೋಗ್ತಾರೆ." ಸರಿ, ಖಾಸಗಿಯವರು ಹೋಗಲಿ. ಆದರೆ ಹರಾಜು ಹಾಕುವವರು ಖಾಸಗಿಯವರಲ್ಲವಲ್ಲ? ಸಾರ್ವಜನಿಕ ಪ್ರಸಾರ ಸಂಸ್ಥೆ ಅನ್ನೋದು ಇರೋದೇ ಮಾರುಕಟ್ಟೆ ತಿರುಗಿ ನೋಡದವರಿಗಾಗಿ. ಕೆಂಪು ಬಸ್ಸು ಲಾಭ ಇರುವ ರೂಟಿನಲ್ಲಿ ಮಾತ್ರ ಓಡಿದ್ದರೆ ನಾನು ಇಂಜಿನಿಯರಿಂಗ್ ಕಾಲೇಜಿನ ಗೇಟು ನೋಡುತ್ತಿರಲಿಲ್ಲ.

"ಯೂಟ್ಯೂಬ್ ಇದೆಯಲ್ಲ? ವೇವ್ಸ್ ಆಪ್ ಇದೆಯಲ್ಲ?" ಇದೆ. ಪ್ರಸಾರ ಭಾರತಿ 2024ರ ನವೆಂಬರಿನಲ್ಲಿ ತಂದ ವೇವ್ಸ್‌ನಲ್ಲಿ ದೂರದರ್ಶನದ ವಾಹಿನಿಗಳು ಸಿಗುತ್ತವೆ. ನಾನೂ ನೋಡುತ್ತೇನೆ. ಆದರೆ ಡಾಟಾ ಪುಕ್ಕಟೆಯೇ? 2024ರ ಜುಲೈನಲ್ಲಿ ಮೊಬೈಲ್ ದರ ಏರಿದ್ದು ಮರೆತಿರಾ? ಮೇಲಾಗಿ ಪ್ರವಾಹದ ದಿನ ಮೊದಲು ಬೀಳೋದು ಮೊಬೈಲ್ ನೆಟ್ವರ್ಕು. ಕರೆಂಟು ಇರುವವರೆಗೆ ಆಕಾಶದಿಂದ ಬರುವ ಸಿಗ್ನಲ್ಲಿಗೆ ಹೊಳೆಯ ಭಯವಿಲ್ಲ.

"ಕಲಬುರಗಿಯವರಿಗೆ ಹಿಂದಿ ಬರುತ್ತಲ್ಲ?" ಇದು ಬೆಂಗಳೂರಿನವರು ಪ್ರತಿ ಸಲ ಹೇಳುವ ಮಾತು. ಬರುತ್ತದೆ ಸ್ವಾಮಿ. ಬಂದೇನವಾಜ್ ದರ್ಗಾದ ಊರು ನಮ್ಮದು, ದಖನಿ ನಮ್ಮ ಬಜಾರಿನ ಮಾತು, ಅದರ ಬಗ್ಗೆ ನಮಗೆ ಪ್ರೀತಿಯೇ ಇದೆ. ಅವ್ವ ಸಂತೆಯಲ್ಲಿ ಜಗಳಾಡಿ ಬದನೆಕಾಯಿ ಕೊಳ್ಳುವಷ್ಟು ಮಾತಾಡುತ್ತಾಳೆ. ಬದನೆಕಾಯಿ ಕೊಳ್ಳೋದು ಬೇರೆ, ತಂಗಿಯ ಊರು ಮುಳುಗಿತೋ ಇಲ್ಲವೋ ತಿಳಿಯೋದು ಬೇರೆ.

"ಸರ್ಕಾರಿ ಟೀವಿ ಯಾರು ನೋಡ್ತಾರೆ?" 2020ರ ಲಾಕ್‌ಡೌನಿನಲ್ಲಿ ರಾಮಾಯಣ ಮರುಪ್ರಸಾರ ಮಾಡಿದಾಗ ದೇಶಕ್ಕೆ ದೇಶವೇ ನೋಡಿತು. ನಮ್ಮ ಚಂದನದಲ್ಲೇ ಡಾ. ನಾ. ಸೋಮೇಶ್ವರ ಅವರ ‘ಥಟ್ ಅಂತ ಹೇಳಿ’ 2002ರಲ್ಲಿ ಶುರುವಾಗಿ ಸಾವಿರಾರು ಕಂತು ದಾಟಿತು. ಒಳ್ಳೇದು ಕೊಟ್ಟರೆ ಜನ ನೋಡುತ್ತಾರೆ.

ಬರೀ ಬೈದು ಹೋಗಬಾರದಲ್ಲ, ಏನು ಬೇಕು ಅಂತಲೂ ಹೇಳುತ್ತೇನೆ. ಒಂದು, ಫ್ರೀ ಡಿಶ್‌ನಲ್ಲಿ ಪ್ರತಿ ರಾಜ್ಯದ ಭಾಷೆಗೂ ಇಷ್ಟು ಜಾಗ ಅಂತ ಗಟ್ಟಿಯಾಗಿ ಕಾದಿರಿಸಿ. ಖಾಲಿ ಬಿದ್ದರೆ ದರ ಇಳಿಸಿ, ಇನ್ನೂ ಖಾಲಿ ಬಿದ್ದರೆ ಚಂದನಕ್ಕೆ ಎರಡನೇ ವಾಹಿನಿ ಕೊಡಿ. ಎರಡು, ಪಂದ್ಯಗಳಿಗೆ ಕನ್ನಡ ವೀಕ್ಷಕ ವಿವರಣೆ. 2023ರಲ್ಲಿ ವೆಸ್ಟ್ ಇಂಡೀಸ್ ಪ್ರವಾಸದ ಒಂದು ದಿನದ ಮತ್ತು ಟಿ-20 ಪಂದ್ಯಗಳನ್ನು ದೂರದರ್ಶನ ಕನ್ನಡದಲ್ಲೂ ಕೊಟ್ಟಿತ್ತು. ಒಮ್ಮೆ ಆಗಿದ್ದು ಯಾವಾಗಲೂ ಯಾಕಾಗಬಾರದು? ತಾಂತ್ರಿಕವಾಗಿ ಇದು ಏನೂ ಅಲ್ಲ. 1975ರ ಆ ಎಟಿಎಸ್-6 ಪ್ರಸಾರದಲ್ಲೇ ಒಂದು ಚಿತ್ರಕ್ಕೆ ಎರಡು ಧ್ವನಿ ಕಳಿಸುವ ಏರ್ಪಾಡು ಇತ್ತು. ಇವತ್ತಿನ ಡಿಜಿಟಲ್ ಪ್ರಸಾರದಲ್ಲಿ ಇನ್ನೊಂದು ಭಾಷೆಯ ಧ್ವನಿಗೆ ಚಿತ್ರದ ಹತ್ತನೇ ಒಂದು ಪಾಲೂ ಬೇಡ. ಮೂರು, ಕಲಬುರಗಿ ಕೇಂದ್ರದಿಂದ ಕಲ್ಯಾಣ ಕರ್ನಾಟಕಕ್ಕೆ ದಿನಕ್ಕೊಂದು ಗಂಟೆ ನೇರ ಪ್ರಸಾರ. ತೊಗರಿ ಬೆಲೆ, ಮಳೆ, ಹೊಳೆ, ಆಸ್ಪತ್ರೆ, ನೌಕರಿ. ಅಷ್ಟೇ.

ಕೊನೆಗೆ ನಮ್ಮ ಮನೆಯಲ್ಲಿ ಏನಾಯಿತು ಅಂತ ಕೇಳುತ್ತೀರಾ? ದೀಪಾವಳಿಗೆ ಹೋದಾಗ ಕೇಬಲ್ಲಿನವನನ್ನ ಕರೆಸಿ ಕನ್ನಡದ ಒಂದು ಸಣ್ಣ ಪ್ಯಾಕು ಹಾಕಿಸಿದೆ. ಅವ್ವನ ಹತ್ತಿರ ಕ್ಷಮೆ ಕೇಳಿದೆ, ಅವಳು ನಕ್ಕಳು. ಈಗ ಟೀವಿ ಮುಂದಿನ ಗೂಡಿನಲ್ಲಿ ಎರಡು ರಿಮೋಟು ಇವೆ. ಒಂದು ಫ್ರೀ ಡಿಶ್‌ದು, ಹಿಂದಿ ಸಿನಿಮಾ, ಹಿಂದಿ ಸುದ್ದಿ, ಕ್ರಿಕೆಟ್ಟಿಗೆ, ತಿಂಗಳಿಗೆ ಸೊನ್ನೆ ರೂಪಾಯಿ. ಇನ್ನೊಂದು ಕನ್ನಡಕ್ಕೆ, ತಿಂಗಳಿಗೆ ಇನ್ನೂರೈವತ್ತು.

ಕನ್ನಡನಾಡಿನಲ್ಲಿ, ಕನ್ನಡದವಳ ಮನೆಯಲ್ಲಿ, ಹಿಂದಿ ಪುಕ್ಕಟೆ, ಕನ್ನಡಕ್ಕೆ ಮಾತ್ರ ಕಂದಾಯ. ಪ್ರತಿ ನವೆಂಬರಿನಲ್ಲಿ ಬಾವುಟದ ಚಿತ್ರ ಹಾಕಿ "ಸಿರಿಗನ್ನಡಂ ಗೆಲ್ಗೆ" ಅಂತ ಬರೆಯುವ ನಾವು ಬ್ಲಾಗಿಗರು, ನಾನೂ ಸೇರಿ, ಈ ಎರಡನೇ ರಿಮೋಟಿನ ಬಗ್ಗೆ ಒಂದು ಸಾಲು ಬರೆದಿದ್ದೇವೆಯೇ?

ನಿಮ್ಮ ಊರಿನ ಮನೆಯಲ್ಲಿ ಹೇಗಿದೆ? ಒಮ್ಮೆ ಫೋನ್ ಮಾಡಿ, ಏನು ನೋಡ್ತಿದ್ದೀರಿ ಅಂತಲ್ಲ, ಏನು ತಿಳಿಯುತ್ತಿದೆ ಅಂತ ಕೇಳಿ ನೋಡಿ.