ತೋಟ ಅಜ್ಜನ ಹೆಸರಲ್ಲಿ, ವೀಸಾ ಮೊಮ್ಮಗನಿಗೆ

ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಡೆ ಮಕ್ಕಳು ಹೊರದೇಶದವರನ್ನು ಮೆಚ್ಚಿಕೊಂಡರೆ ಊರು ಈಗ ಮೊದಲಿನಷ್ಟು ಬೆಚ್ಚುವುದಿಲ್ಲ. ಬೆಂಗಳೂರಿನ ಕಂಪನಿಯಲ್ಲಿ ಜೊತೆಗೆ ದುಡಿದವರು, ಜರ್ಮನಿಯಲ್ಲೋ ಐರ್ಲೆಂಡಿನಲ್ಲೋ ಜೊತೆಗೆ ಓದಿದವರು ಒಂದು ದಿನ ಮನೆಯವರೊಡನೆ ವಿಡಿಯೊ ಕರೆಯಲ್ಲಿ ಮಾತಾಡುತ್ತಾರೆ. ಅಮ್ಮ ಎರಡು ದಿನ ಮೌನವಾಗಿರುತ್ತಾಳೆ, ಮೂರನೆಯ ದಿನ ಮೀನು-ಮಾಂಸ ತಿನ್ನುತ್ತಾರಾ ಎಂದು ವಿಚಾರಿಸುತ್ತಾಳೆ. ಅಷ್ಟು ಹೊತ್ತಿಗೆ ಮನೆಯ ಮಟ್ಟಿಗೆ ವಿಷಯ ಅರ್ಧ ಇತ್ಯರ್ಥವಾದಂತೆ. ನಿಜವಾದ ತಕರಾರು ಶುರುವಾಗುವುದು ಕಾಗದಪತ್ರದಲ್ಲಿ. ಯಾರು ಯಾರ ಊರಿಗೆ ಮೊದಲು ಹೋಗಿ ಬರುವುದು?

ಅವರು ಇಲ್ಲಿಗೆ ಬರುವುದಾದರೆ ದಾರಿ ಸಲೀಸು. ಭಾರತ 2014ರ ನವೆಂಬರ್ 27ರಂದು ಶುರು ಮಾಡಿದ ಆನ್‌ಲೈನ್ ವೀಸಾ ಪದ್ಧತಿಯೇ ಇಂದಿನ ಇ-ಟೂರಿಸ್ಟ್ ವೀಸಾ. ಊರು ನೋಡುವುದಕ್ಕೆ ಮಾತ್ರವಲ್ಲ, ಸ್ನೇಹಿತರನ್ನೂ ನೆಂಟರನ್ನೂ ಕಂಡು ಹೋಗುವುದಕ್ಕೂ ಅದು ಸಲ್ಲುತ್ತದೆ. ಪಾಸ್‌ಪೋರ್ಟಿನ ಒಂದು ಪುಟ, ಒಂದು ಫೋಟೊ, ಭಾರತದಲ್ಲಿ ಪರಿಚಯದವರೊಬ್ಬರ ಹೆಸರು-ವಿಳಾಸ-ಫೋನ್ ನಂಬರು ಕೊಟ್ಟರೆ ಸಾಕು. ರಾಯಭಾರ ಕಚೇರಿಯ ಮೆಟ್ಟಿಲು ಹತ್ತಬೇಕಿಲ್ಲ, ಸಂದರ್ಶನವೂ ಇಲ್ಲ. 30 ದಿನದ್ದು, ಒಂದು ವರ್ಷದ್ದು, ಐದು ವರ್ಷದ್ದು ಎಂದು ಮೂರು ಬಗೆ. ಯುರೋಪಿನ ಹಲವು ದೇಶಗಳವರಿಗೆ ವರ್ಷದ ವೀಸಾಕ್ಕೆ 40 ಡಾಲರ್, ಐದು ವರ್ಷದ್ದಕ್ಕೆ 80 ಡಾಲರ್. ಈ ವೀಸಾ ಹಿಡಿದವರು ಮಂಗಳೂರು ವಿಮಾನ ನಿಲ್ದಾಣದಲ್ಲೂ ಇಳಿಯಬಹುದು. ಅಲ್ಲಿಂದ ಕಾರು ಹತ್ತಿದರೆ ಘಟ್ಟ ಏರಿ ಕತ್ತಲಾಗುವ ಮೊದಲೇ ಶೃಂಗೇರಿ. ಪಾಕಿಸ್ತಾನದ ಪಾಸ್‌ಪೋರ್ಟಿನವರಿಗೆ, ಆ ದೇಶದ ಮೂಲದವರಿಗೆ ಈ ಬಾಗಿಲು ಮುಚ್ಚಿದೆ. ಅಜ್ಜ ಲಾಹೋರಿನವರಾಗಿದ್ದರೆ ಮೊಮ್ಮಗಳ ಬ್ರಿಟಿಷ್ ಪಾಸ್‌ಪೋರ್ಟೂ ಇಲ್ಲಿ ಕೆಲಸಕ್ಕೆ ಬರುವುದಿಲ್ಲ.

ಬಂದ ಮೇಲೆ ಒಂದು ಕೆಲಸವನ್ನು ಮರೆಯುವಂತಿಲ್ಲ. ವಿದೇಶಿಯರನ್ನು ಮನೆಯಲ್ಲಿ ಉಳಿಸಿಕೊಂಡವರು 24 ಗಂಟೆಯೊಳಗೆ ಆನ್‌ಲೈನ್‌ನಲ್ಲಿ ಮಾಹಿತಿ ಸಲ್ಲಿಸಬೇಕು. ಹೋಂಸ್ಟೇ ನಡೆಸುವವರಿಗೆ ಇದು ‘ಸಿ-ಫಾರಂ’ ಎಂದು ಚೆನ್ನಾಗಿ ಗೊತ್ತು. ಬಾಡಿಗೆ ತೆಗೆದುಕೊಳ್ಳದ ಮನೆಯವರಿಗೆ ಗೊತ್ತಿರುವುದಿಲ್ಲ. 1946ರ ವಿದೇಶಿಯರ ಕಾಯ್ದೆಯೂ ಸೇರಿ ನಾಲ್ಕು ಹಳೆಯ ಕಾನೂನುಗಳ ಜಾಗಕ್ಕೆ 2025ರ ಸೆಪ್ಟೆಂಬರ್ 1ರಿಂದ ಹೊಸ ವಲಸೆ ಮತ್ತು ವಿದೇಶಿಯರ ಕಾಯ್ದೆ ಬಂದಿದ್ದರೂ ಈ ಹೊಣೆ ಹೋಗಿಲ್ಲ. ನಕ್ಸಲ್ ನಿಗ್ರಹದ ವರ್ಷಗಳನ್ನು ಕಂಡ ಈ ಸೀಮೆಯಲ್ಲಿ ಪೊಲೀಸರು ಬಂದು ವಿಚಾರಿಸಿದರೆ ಅಕ್ಕಪಕ್ಕದ ಮನೆಗಳು ಬೇರೇನನ್ನೋ ಊಹಿಸುತ್ತವೆ. ಮೊದಲೇ ಫಾರಂ ತುಂಬಿಬಿಟ್ಟರೆ ಆ ಕಥೆ ಹುಟ್ಟುವುದೇ ಇಲ್ಲ.

ಹಾಗೆ ನೋಡಿದರೆ ಹೊರಗಿನವರು ಬಂದು ನೆಲೆಸುವುದು ಮಲೆನಾಡಿಗೆ ಹೊಸತಲ್ಲ. 1943ರಲ್ಲಿ ನ್ಯೂಯಾರ್ಕಿನಲ್ಲಿ ಹುಟ್ಟಿದ ಉರಗತಜ್ಞ ರೊಮುಲಸ್ ವಿಟೇಕರ್ 1975ರಲ್ಲಿ ಭಾರತದ ಪೌರತ್ವ ಪಡೆದರು, 2005ರಲ್ಲಿ ಪಕ್ಕದ ಆಗುಂಬೆಯಲ್ಲಿ ಮಳೆಕಾಡು ಸಂಶೋಧನಾ ಕೇಂದ್ರ ಕಟ್ಟಿದರು. ಕಾಳಿಂಗ ಸರ್ಪದ ಜೊತೆ ಹೊಂದಿಕೊಂಡವರಿಗೆ ಇಲ್ಲಿನ ಜನ ಕಷ್ಟವಾಗಲಿಲ್ಲ.

ಕಷ್ಟ ಇರುವುದು ಇಲ್ಲಿನವರು ಅಲ್ಲಿಗೆ ಹೋಗುವುದರಲ್ಲಿ. ಲಂಡನ್ನಿನ ಕಚೇರಿಗೆ ‘ವಿದೇಶಿ ಸಂಗಾತಿ’ ಎಂದರೆ ಕೊಪ್ಪದ ಹುಡುಗ, ಎನ್.ಆರ್. ಪುರದ ಹುಡುಗಿ. ಎರಡು ವಾರ ಹೋಗಿ, ಅವರ ಅಪ್ಪ-ಅಮ್ಮನನ್ನು ಕಂಡು ಬರುತ್ತೇನೆ ಎಂದರೆ ಆ ಕಚೇರಿ ಕೇಳುವ ಪ್ರಶ್ನೆ ಒಂದೇ: ನೀವು ವಾಪಸ್ ಬರುತ್ತೀರಿ ಎನ್ನುವುದಕ್ಕೆ ಏನು ಸಾಕ್ಷಿ?

ಅಮೆರಿಕ ಇದನ್ನು ಮುಚ್ಚುಮರೆಯಿಲ್ಲದೆ ಕಾನೂನಿನಲ್ಲೇ ಬರೆದಿಟ್ಟಿದೆ. 1952ರ ವಲಸೆ ಕಾಯ್ದೆಯ 214(ಬಿ) ಕಲಮಿನ ಪ್ರಕಾರ, ಪ್ರವಾಸಿ ವೀಸಾ ಕೇಳುವವರು ಅಲ್ಲೇ ಉಳಿಯಲು ಬರುವವರೆಂದೇ ಅಧಿಕಾರಿ ಭಾವಿಸಬೇಕು. ಹಾಗಲ್ಲ ಎಂದು ಸಾಬೀತು ಮಾಡುವ ಭಾರ ಅರ್ಜಿದಾರರದು. ಕರ್ನಾಟಕದವರು ಇದಕ್ಕಾಗಿ ಚೆನ್ನೈ ಹಾದಿ ಹಿಡಿಯುತ್ತ ಬಂದಿದ್ದಾರೆ. ಬೆಂಗಳೂರಿನ ಅಮೆರಿಕ ಕಾನ್ಸುಲೇಟ್ 2025ರ ಜನವರಿ 17ರಂದು ಉದ್ಘಾಟನೆಯಾಯಿತಾದರೂ ಅಂದೇ ಅಲ್ಲಿ ವೀಸಾ ಕೆಲಸ ಶುರುವಾಗಲಿಲ್ಲ. ಯುರೋಪಿನ ಷೆಂಗೆನ್ ದೇಶಗಳಿಗೆ 2024ರಲ್ಲಿ ಭಾರತದಿಂದ 11 ಲಕ್ಷಕ್ಕೂ ಹೆಚ್ಚು ಅರ್ಜಿ ಹೋದವು. ಒಂದೂವರೆ ಲಕ್ಷಕ್ಕೂ ಹೆಚ್ಚು ತಿರಸ್ಕೃತವಾದವು. ಆ ವರ್ಷದ ಜೂನ್ 11ರಿಂದ ಅರ್ಜಿ ಶುಲ್ಕ 80ರಿಂದ 90 ಯೂರೊಗೆ ಏರಿತ್ತು. ವೀಸಾ ಸಿಗದಿದ್ದರೂ ಆ ದುಡ್ಡು ಹೋದ ಹಾಗೆಯೇ.

ಇನ್ನು ಮಲೆನಾಡಿನವರ ಸಾಕ್ಷಿಯ ಸಂಗತಿ. ಎರಡೆಕರೆ ಅಡಿಕೆ ತೋಟ, ಒಂದಿಷ್ಟು ಕಾಫಿ-ಮೆಣಸು, ಕೊಟ್ಟಿಗೆಯಲ್ಲಿ ದನ, ಮನೆಯಲ್ಲಿ ವಯಸ್ಸಾದವರು ಇರುವ ಮನುಷ್ಯನೊಬ್ಬನನ್ನು ಊಹಿಸಿಕೊಳ್ಳಿ. ಮಳೆಗಾಲ ಹಿಡಿಯುವ ಮೊದಲು ಬೋರ್ಡೋ ದ್ರಾವಣ ಹೊಡೆಯದಿದ್ದರೆ ಕೊಳೆರೋಗ ಬರುತ್ತದೆ. ಹೊಡೆದ ಮೇಲೂ ಮಳೆ ಬಿಟ್ಟಾಗ ನೋಡಿ ಮತ್ತೊಮ್ಮೆ ಹೊಡೆಯಬೇಕು. ದೀಪಾವಳಿಯ ಆಸುಪಾಸಿನಿಂದ ಕೊನೆ ಕೊಯ್ಲು, ಸುಲಿತ, ಬೇಯಿಸುವುದು, ಒಣಗಿಸುವುದು. ಹಳದಿ ಎಲೆ ರೋಗ, ಎಲೆಚುಕ್ಕೆ ರೋಗ ಬಂದ ಮೇಲಂತೂ ತೋಟ ಬಿಟ್ಟು ಹದಿನೈದು ದಿನ ಹೋಗುವುದೇ ದೊಡ್ಡ ಮಾತು. ವಾಪಸ್ ಬರಲು ಇದಕ್ಕಿಂತ ಗಟ್ಟಿ ಕಾರಣ ಬೆಂಗಳೂರಿನ ಬಾಡಿಗೆ ಮನೆಯ ಸಾಫ್ಟ್‌ವೇರ್ ನೌಕರನಿಗೂ ಇರಲಾರದು.

ಆದರೆ ಅದು ಕಾಗದದಲ್ಲಿ ಕಾಣುವುದಿಲ್ಲ. ಪಹಣಿ ಇನ್ನೂ ಅಜ್ಜನ ಹೆಸರಲ್ಲೇ ಇರುತ್ತದೆ, ಅಜ್ಜ ತೀರಿಕೊಂಡು ಇಪ್ಪತ್ತು ವರ್ಷವಾಗಿರುತ್ತದೆ. ಭಾಗ ಬಾಯಿಮಾತಿನಲ್ಲಿ ಆಗಿದೆ, ಹಿಸ್ಸೆ ಆಗಿಲ್ಲ, ಪೋಡಿ ಆಗಿಲ್ಲ. ಬಗರ್‌ಹುಕುಂ ಜಾಗವಾದರೆ ಅರ್ಜಿ ಕೊಟ್ಟ ಸ್ವೀಕೃತಿ ಚೀಟಿಯೇ ಮನೆಯ ದೊಡ್ಡ ದಾಖಲೆ. ಮ್ಯಾಮ್‌ಕೋಸ್ ಸಹಕಾರ ಸಂಘಕ್ಕೋ ಮಂಡಿಗೋ ಹಾಕಿದ ಅಡಿಕೆಯ ಬಿಲ್ಲು ಅಪ್ಪನ ಹೆಸರಿಗೆ, ದುಡ್ಡು ಸೊಸೈಟಿಯಲ್ಲಿರುವ ಅಪ್ಪನ ಖಾತೆಗೆ. ಆದಾಯ ತೆರಿಗೆ ರಿಟರ್ನ್ ಎಲ್ಲಿ ಎಂದು ಕೇಳಿದರೆ, ಕೃಷಿ ಆದಾಯಕ್ಕೆ ತೆರಿಗೆಯೇ ಇಲ್ಲವಲ್ಲ, ಸಲ್ಲಿಸುವುದು ಯಾಕೆಂದು ಯಾರೂ ಸಲ್ಲಿಸಿಲ್ಲ. ಲಕ್ಷಗಟ್ಟಲೆ ವಹಿವಾಟಿನ ಮನೆಯ ಮಗ ವೀಸಾ ಅಧಿಕಾರಿಯ ಮುಂದೆ ಆಸ್ತಿ ಇಲ್ಲದ, ಉದ್ಯೋಗ ಇಲ್ಲದ, ಮದುವೆಯಾಗದ ತರುಣನಾಗಿ ನಿಲ್ಲುತ್ತಾನೆ. ಜೊತೆಗೆ, ಕರೆದವಳು ಅಲ್ಲಿರುವ ಪ್ರೇಯಸಿ. ಅನುಮಾನಕ್ಕೆ ಇನ್ನೇನು ಬೇಕು?

ಹೆಣ್ಣುಮಕ್ಕಳ ಪಾಡು ಇನ್ನೂ ಬಿಗಿ. ಮಗಳಿಗೂ ಪಿತ್ರಾರ್ಜಿತದಲ್ಲಿ ಸಮಪಾಲು ಕೊಡುವ ಕಾನೂನು ದೇಶಕ್ಕೆ ಬಂದದ್ದು 2005ರಲ್ಲಿ. ಕರ್ನಾಟಕ 1994ರಲ್ಲೇ ಆ ದಿಕ್ಕಿನ ತಿದ್ದುಪಡಿ ತಂದಿತ್ತು. ಆದರೂ ಅಣ್ಣನಿಗೆ ಹಕ್ಕು ಬಿಡುಗಡೆ ಪತ್ರ ಬರೆದುಕೊಟ್ಟು ಸುಮ್ಮನಾಗುವುದನ್ನೇ ಒಳ್ಳೆಯತನ ಎನ್ನುವ ಮನೆಗಳು ಇವತ್ತಿಗೂ ಇವೆ. ಆ ಸಹಿಯೊಂದಿಗೆ ಅವಳು ಊರಿಗೆ ಮರಳುತ್ತಾಳೆ ಎನ್ನುವ ಸಾಕ್ಷಿಯನ್ನೂ ಬರೆದುಕೊಟ್ಟಂತಾಗುತ್ತದೆ ಎಂದು ಯಾರೂ ಯೋಚಿಸಿರುವುದಿಲ್ಲ.

ಆಗ ಹಿರಿಯರು ಕೊಡುವ ಸಲಹೆ, “ಮದ್ವೆ ಆಗ್ಬಿಡಿ ಮಾರಾಯ್ರೆ, ಎಲ್ಲ ಸರಿಯಾಗುತ್ತೆ” ಎನ್ನುವುದು. ಪೂರ್ತಿ ಸರಿಯಾಗುವುದಿಲ್ಲ. ಗಂಡನೋ ಹೆಂಡತಿಯೋ ಅಲ್ಲಿ ನೆಲೆಸಿದ್ದರೆ, ಭೇಟಿ ವೀಸಾ ಕೊಡುವವರಿಗೆ ಅದು ಹಿಂತಿರುಗದೆ ಇರಲು ಇನ್ನೊಂದು ಕಾರಣವಾಗಿಯೇ ಕಾಣುತ್ತದೆ. ಮದುವೆಯೂ ಅಷ್ಟು ಬೇಗ ಆಗುವಂಥದ್ದಲ್ಲ. 2024ರ ಫೆಬ್ರುವರಿಯಲ್ಲಿ ಕರ್ನಾಟಕ ಕಾವೇರಿ ತಂತ್ರಾಂಶದ ಮೂಲಕ ಮನೆಯಲ್ಲೇ ಕೂತು ಮದುವೆ ನೋಂದಾಯಿಸುವ ಸೌಲಭ್ಯ ತಂದಾಗ ಅದು ಹಿಂದೂ ವಿವಾಹಗಳಿಗೆ. ಒಬ್ಬರು ಹಿಂದೂ ಅಲ್ಲದ ವಿದೇಶಿಯಾದರೆ ಸಾಮಾನ್ಯವಾಗಿ 1954ರ ವಿಶೇಷ ವಿವಾಹ ಕಾಯ್ದೆಯೇ ಗತಿ. ಇಬ್ಬರಲ್ಲಿ ಒಬ್ಬರು ಆ ಜಿಲ್ಲೆಯಲ್ಲಿ 30 ದಿನ ವಾಸವಿರಬೇಕು, ನೋಟಿಸ್ ಕೊಟ್ಟ ಮೇಲೆ ಆಕ್ಷೇಪಣೆಗೆ 30 ದಿನ ಕಾಯಬೇಕು. 30 ದಿನದ ಇ-ವೀಸಾದಲ್ಲಿ ಬಂದವರಿಗೆ ನೋಟಿಸಿನ ಅವಧಿ ಮುಗಿಯುವ ಹೊತ್ತಿಗೆ ವೀಸಾವೂ ಮುಗಿದಿರುತ್ತದೆ. ಇದನ್ನು ವಿಮಾನದ ಟಿಕೆಟ್ ತೆಗೆಯುವ ಮೊದಲೇ ಲೆಕ್ಕ ಹಾಕಿ, ವರ್ಷದ ವೀಸಾ ಮಾಡಿಸಿಕೊಳ್ಳುವುದು ಜಾಣತನ.

ಇದೇ ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ ಹುಟ್ಟಿದ ಕುವೆಂಪು, ಪುರೋಹಿತರಿಲ್ಲದ, ಅದ್ದೂರಿಯಿಲ್ಲದ ಮಂತ್ರ ಮಾಂಗಲ್ಯವನ್ನು ರೂಪಿಸಿಕೊಟ್ಟರು. 1966ರಲ್ಲಿ ಅವರ ಮಗ ತೇಜಸ್ವಿ ರಾಜೇಶ್ವರಿಯವರನ್ನು ಮದುವೆಯಾದದ್ದು ಹಾಗೆಯೇ. ದೇಶ-ಧರ್ಮ ಬೇರೆಯಾದವರಿಗೆ ಅದಕ್ಕಿಂತ ಒಪ್ಪುವ ಮದುವೆ ಬೇರೆ ಇಲ್ಲ ಎಂದರೂ ನಡೆದೀತು. ಆದರೂ ಸಬ್‌ರಿಜಿಸ್ಟ್ರಾರ್ ಕಚೇರಿಯ ಮುದ್ರೆ ಬೀಳದ ಮದುವೆಯನ್ನು ಯಾವ ದೇಶದ ಕಚೇರಿಯೂ ಮದುವೆ ಎನ್ನುವುದಿಲ್ಲ. ನೋಂದಣಿಯಾದ ಮೇಲೂ ವಿದೇಶಿ ಸಂಗಾತಿಗೆ ಭಾರತದ ಒಸಿಐ (ಸಾಗರೋತ್ತರ ಭಾರತೀಯ ನಾಗರಿಕ) ಕಾರ್ಡ್ ಬೇಕಾದರೆ ಮದುವೆ ಎರಡು ವರ್ಷ ಬಾಳಿರಬೇಕು. ಮದುವೆಯಾಗಲು ಕಾನೂನೇ ಬಿಡದ ಸಲಿಂಗ ಜೋಡಿಗಳ ಸ್ಥಿತಿ ಇನ್ನೂ ವಿಚಿತ್ರ. 2012ರಲ್ಲಿ ನ್ಯೂಯಾರ್ಕಿನಲ್ಲಿ ಮದುವೆಯಾದ ಜಾಯ್‌ದೀಪ್ ಸೇನ್‌ಗುಪ್ತಾ ಮತ್ತು ರಸೆಲ್ ಸ್ಟೀಫನ್ಸ್ ಅವರು ಒಸಿಐಗಾಗಿ ದೆಹಲಿ ಹೈಕೋರ್ಟಿಗೆ ಹೋಗಬೇಕಾಯಿತು. 2023ರ ಅಕ್ಟೋಬರ್ 17ರಂದು ಸುಪ್ರೀಂ ಕೋರ್ಟ್ ಸಲಿಂಗ ವಿವಾಹಕ್ಕೆ ಮಾನ್ಯತೆ ಕೊಡಲು ಒಪ್ಪಲಿಲ್ಲ. ಅಂಥ ಜೋಡಿ ಶೃಂಗೇರಿಯ ಮನೆಗೆ ಬಂದರೆ ಸರ್ಕಾರದ ಲೆಕ್ಕದಲ್ಲಿ ಒಬ್ಬರು ಮಗ, ಇನ್ನೊಬ್ಬರು ಪ್ರವಾಸಿ.

ವೀಸಾ ಸಿಗದೆ ಹೋದಾಗ ದೂರು ಕೊಡುವ ಜಾಗವೂ ಕಿರಿದಾಗುತ್ತ ಬಂದಿದೆ. ಕುಟುಂಬ ಭೇಟಿಯ ವೀಸಾ ನಿರಾಕರಿಸಿದರೆ ಮೇಲ್ಮನವಿ ಸಲ್ಲಿಸುವ ಪೂರ್ಣ ಹಕ್ಕನ್ನು ಬ್ರಿಟನ್ 2013ರ ಜೂನ್ 25ರಂದು ತೆಗೆದುಹಾಕಿತು. ಜರ್ಮನಿಯಲ್ಲಿ ಶುಲ್ಕವಿಲ್ಲದೆ ಮರುಪರಿಶೀಲನೆ ಕೇಳುವ ಅವಕಾಶವಿತ್ತು. 2025ರ ಜುಲೈ 1ರಿಂದ ಅದೂ ನಿಂತಿತು, ಉಳಿದದ್ದು ಬರ್ಲಿನ್ ಕೋರ್ಟು ಅಥವಾ ಹೊಸ ಅರ್ಜಿ. ಅಲ್ಲಿರುವ ಸಂಗಾತಿ ತನ್ನೂರಿನ ಕಚೇರಿಯಲ್ಲಿ ಖರ್ಚಿನ ಹೊಣೆಪತ್ರ ಬರೆದುಕೊಟ್ಟರೆ ದುಡ್ಡಿನ ಪ್ರಶ್ನೆ ಬಗೆಹರಿಯುತ್ತದೆ, ವಾಪಸಾಗುವ ಪ್ರಶ್ನೆ ಹಾಗೇ ಇರುತ್ತದೆ. ಇಷ್ಟೊಂದು ಭಾರತೀಯರ ದುಡ್ಡು ತೆಗೆದುಕೊಳ್ಳುವ ದೇಶಗಳನ್ನು ಶುಲ್ಕದ ಒಂದು ಭಾಗವನ್ನಾದರೂ ಹಿಂತಿರುಗಿಸಿ ಎಂದು ಕೇಳುವ ದನಿ ದೆಹಲಿಯಿಂದ ಏಳಬೇಕಿತ್ತು. ವ್ಯಾಪಾರ ಒಪ್ಪಂದದ ಮೇಜಿನಲ್ಲಿ ಕಂಪನಿ ನೌಕರರ ವೀಸಾ ಚರ್ಚೆಗೆ ಬರುತ್ತದೆ. ಸಂಗಾತಿಯ ಅಪ್ಪ-ಅಮ್ಮನನ್ನು ಕಂಡು ಬರುವವರ ಪರವಾಗಿ ಮಾತಾಡುವವರಿಲ್ಲ.

ದೆಹಲಿಯನ್ನು ಕಾಯದೆ ತಾಲ್ಲೂಕು ಕಚೇರಿಯಲ್ಲೇ ಆಗಬಹುದಾದ ಕೆಲಸಗಳಿವೆ. ರಾಜ್ಯದಲ್ಲಿ ಲಕ್ಷಾಂತರ ಪಹಣಿಗಳು ತೀರಿಕೊಂಡವರ ಹೆಸರಲ್ಲೇ ಇವೆ ಎಂದು ಕಂದಾಯ ಇಲಾಖೆಯೇ ಇ-ಪೌತಿ ಆಂದೋಲನ ಶುರು ಮಾಡಿದೆ. ಮೂರು ತಾಲ್ಲೂಕುಗಳ ಮನೆಗಳು ವಂಶವೃಕ್ಷ ಹಿಡಿದು ಗ್ರಾಮ ಆಡಳಿತಾಧಿಕಾರಿಯ ಹತ್ತಿರ ಹೋಗಲು ಇದಕ್ಕಿಂತ ಒಳ್ಳೆಯ ಸಮಯವಿಲ್ಲ. ಅಣ್ಣ-ತಮ್ಮಂದಿರ ಮುನಿಸು ಅಡ್ಡ ಬರುತ್ತದೆ ಎನ್ನುವುದು ಗೊತ್ತಿದ್ದದ್ದೇ. ಪಹಣಿ ಕನ್ನಡದಲ್ಲೇ ಇರಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಕಾನ್ಸುಲೇಟಿಗೆ ಅದರ ಅನುವಾದ ಬೇಕೆಂದಾಗ ಜನ ನೋಟರಿ-ಅನುವಾದಕರ ಹಿಂದೆ ಅಲೆಯುತ್ತಾರೆ. ಭೂಮಿ ತಂತ್ರಾಂಶದಲ್ಲಿರುವ ಅದೇ ಮಾಹಿತಿಯ ಇಂಗ್ಲಿಷ್ ದೃಢೀಕೃತ ಪ್ರತಿಯನ್ನು ನಾಡಕಚೇರಿಯಲ್ಲೇ ಕೊಡಲು ಸರ್ಕಾರಕ್ಕೆ ಏನು ತೊಂದರೆ? ತೆರಿಗೆ ಕಟ್ಟಬೇಕಿಲ್ಲದಿದ್ದರೂ ಕೃಷಿ ಆದಾಯವನ್ನು ವಿನಾಯಿತಿ ಎಂದು ತೋರಿಸಿ ರಿಟರ್ನ್ ಸಲ್ಲಿಸಬಹುದು. ಅಡಿಕೆ ದುಡ್ಡಿನಲ್ಲಿ ಮಗನ, ಮಗಳ ಪಾಲು ಅವರವರ ಖಾತೆಗೇ ಬೀಳುವಂತೆ ಮಾಡಬಹುದು. ಅರ್ಜಿಯ ಹಿಂದಿನ ವಾರ ಚಿಕ್ಕಪ್ಪನಿಂದ ಸಾಲ ತಂದು ಖಾತೆಗೆ ತುಂಬಿದ ದುಡ್ಡನ್ನು ಅಧಿಕಾರಿಗಳು ಸುಲಭವಾಗಿ ಗುರುತಿಸುತ್ತಾರೆ.

ಒಂದು ವಿಷಯದಲ್ಲಿ ಮಾತ್ರ ಏಜೆಂಟರ ಮಾತು ಕೇಳಬಾರದು. ‘ಸಂಗಾತಿ ಅಂತ ಬರೆಯಬೇಡಿ, ಸುಮ್ಮನೆ ಪ್ರವಾಸ ಅಂತ ಹಾಕಿ’ ಎನ್ನುವ ಉಪಾಯ ಮೊದಲ ಸಲ ದಾಟಿಸಿದರೂ ದಾಟಿಸೀತು. ಮುಂದೆ ಅದೇ ಹೆಸರಿನ ಜೊತೆ ಮದುವೆ ವೀಸಾಕ್ಕೆ ಅರ್ಜಿ ಹಾಕಿದಾಗ ಹಳೆಯ ಕಡತ ತೆರೆಯುತ್ತದೆ. ಅರ್ಜಿಯಲ್ಲಿ ವಂಚನೆ ಕಂಡರೆ ಬ್ರಿಟನ್ ಹತ್ತು ವರ್ಷ ಬಾಗಿಲು ಮುಚ್ಚಬಹುದು, ಅಮೆರಿಕದ ನಿಷೇಧ ಜೀವಮಾನದ್ದೂ ಆಗಬಹುದು. ಸಾಮಾನ್ಯ ಭೇಟಿ ವೀಸಾದಲ್ಲಿ ಹೋಗಿ ಬ್ರಿಟನ್ನಿನಲ್ಲೇ ಮದುವೆಯಾಗಿ ಬರುವುದಕ್ಕೂ ಅವಕಾಶವಿಲ್ಲ, ಅದಕ್ಕೆ ಬೇರೆಯದೇ ವೀಸಾ ಇದೆ. ಎಲ್ಲಿ ಭೇಟಿಯಾದದ್ದು, ಎಷ್ಟು ಕಾಲದ ಒಡನಾಟ, ಯಾಕೆ ಹೋಗುತ್ತಿರುವುದು, ತೋಟದಲ್ಲಿ ಯಾವ ತಿಂಗಳು ಯಾವ ಕೆಲಸ ಕಾದಿರುತ್ತದೆ ಎನ್ನುವುದನ್ನು ಒಂದು ಪುಟದಲ್ಲಿ ನೇರವಾಗಿ ಬರೆದುಕೊಡುವುದು ಲೇಸು. ಮನೆಯವರಿಗೆ ಇನ್ನೂ ‘ಫ್ರೆಂಡ್’ ಎಂದೇ ಹೇಳಿದ್ದರೂ ಕಾನ್ಸುಲೇಟಿಗೆ ಹಾಗೆ ಹೇಳುವಂತಿಲ್ಲ.

ಷೆಂಗೆನ್ ದೇಶಗಳು 2024ರ ಏಪ್ರಿಲ್ 18ರಿಂದ ಭಾರತೀಯರಿಗೆ ಒಂದು ಸಡಿಲಿಕೆ ಕೊಟ್ಟಿವೆ. ಮೂರು ವರ್ಷದೊಳಗೆ ಎರಡು ವೀಸಾ ಪಡೆದು, ನಿಯಮದಂತೆ ಹೋಗಿ ಬಂದವರಿಗೆ ಎರಡು ವರ್ಷದ ವೀಸಾ, ಆಮೇಲೆ ಐದು ವರ್ಷದ್ದು. ಹಾಗಾಗಿ ಕಷ್ಟವೆಲ್ಲ ಮೊದಲ ಅರ್ಜಿಯದು. 90 ದಿನ ಸಿಗುತ್ತದೆಂದು 90 ದಿನ ಕೇಳುವ ಬದಲು, ಕೊಯ್ಲೆಲ್ಲ ಮುಗಿದು ಬೋರ್ಡೋ ಕೆಲಸ ಇನ್ನೂ ಶುರುವಾಗದ ಏಪ್ರಿಲ್‌ನಲ್ಲಿ ಹದಿನೈದು ದಿನ ಕೇಳುವುದು ಒಳ್ಳೆಯದು. ಏಪ್ರಿಲ್‌ಗೆ ಹೋಗಬೇಕಾದರೆ ಬೆಂಗಳೂರಿನಲ್ಲಿ ಬೆರಳಚ್ಚು ಕೊಡುವ ದಿನವನ್ನು ಜನವರಿಯಲ್ಲೇ ಹುಡುಕಬೇಕು. ಅದರ ಒಟಿಪಿ ಫೋನಿಗೆ ಬರುವಾಗ ಸಿಗ್ನಲ್ ಸಿಗುವ ಗುಡ್ಡದ ಮೇಲೆ ನಿಂತಿರಬೇಕು.